ಸತ್ತ ಸಸಿಗಳ ಜಾಗ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತು ಬಿಟ್ಟಳು. ಅಪ್ಪ ಮುಂಬಯಿ ಪಕ್ಕದ ಠಾಣೆ ಪಟ್ಟಣದ ಹೋಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಕುಂದಾಪುರದ ಗದ್ದೆ ಬಯಲಿನಿಂದ ಬಂದ ಅಮ್ಮನಿಗೆ ಠಾಕುರ್ಲಿಯ ನಮ್ಮ ಎರಡು ಕೋಣೆಗಳೇ ಮುಂಬಯಿ. ಈಗ ಅದರಲ್ಲೂ ಒಂದು ಮೂಲೆಯ ಹಾಸಿಗೆಯಷ್ಟೇ ಉಳಿಯಿತು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಅಪ್ಪ ನನಗೂ ಅಪ್ಪನೇ ಅಲ್ಲವೇ? ನಾನು ಎದ್ದು, ಡಬ್ಬಿ ಕಟ್ಟಿಕೊಂಡು, ಲೋಕಲ್ ಹಿಡಿಯುತ್ತಿರಲಿಲ್ಲವೇ?

ಆಗ ನಾನು ಮಹಾಪೆಯ ಬೀಜದ ಕಂಪೆನಿಯೊಂದರ ಲ್ಯಾಬಿನಲ್ಲಿದ್ದೆ. ಉಪ್ಪುನೀರಲ್ಲೂ ಬದುಕುವ ಹಳೆಯ ಭತ್ತದ ತಳಿಯೊಂದನ್ನು, ಚೆನ್ನಾಗಿ ಫಸಲು ಕೊಟ್ಟರೂ ಉಪ್ಪು ಸೋಕಿದರೆ ಸಾಯುವ ತಳಿಯೊಂದಿಗೆ ಕೂಡಿಸಿದ್ದೆವು. ಮೊಮ್ಮಕ್ಕಳಲ್ಲಿ ಕೆಲವರು ಅಜ್ಜನನ್ನು, ಕೆಲವರು ಅಜ್ಜಿಯನ್ನು ಹೋಲುತ್ತಾರಲ್ಲ, ಭತ್ತದಲ್ಲೂ ಹಾಗೆಯೇ. ಪ್ರತಿ ಸಸಿಯ ಎಲೆಯ ಚೂರು ಕತ್ತರಿಸಿ ಮೊದಲೇ ಡಿಎನ್‌ಎ ಓದಿಟ್ಟುಕೊಳ್ಳುತ್ತಿದ್ದೆವು. ಆಮೇಲೆ ಟ್ರೇಗಳಿಗೆ ಉಪ್ಪುನೀರು. ಕೊನೆಗೆ, ಬದುಕುಳಿದವುಗಳಲ್ಲಿ ಇದ್ದು ಸತ್ತವುಗಳಲ್ಲಿ ಇಲ್ಲದ ಡಿಎನ್‌ಎ ತುಣುಕು ಯಾವುದೆಂದು ಹುಡುಕುವುದು. ಅದು ಸಿಕ್ಕರೆ ಮುಂದೆ ಎಲೆ ಪರೀಕ್ಷಿಸಿಯೇ ಗಟ್ಟಿ ಸಸಿ ಆರಿಸಬಹುದು. ಗುರುತೆಲ್ಲ ಜಾಗದ್ದು: ಯಾವ ಟ್ರೇ, ಯಾವ ಸಾಲು, ಯಾವ ಗುಂಡಿ. ಗಿಡಕ್ಕೆ ಚೀಟಿ ಕಟ್ಟುತ್ತಿರಲಿಲ್ಲ.

ಈ ಟ್ರೇಗಳಿದ್ದದ್ದು ಆಫೀಸಿನ ಹಿಂದೆ, ಹಸಿರು ಬಲೆ ಹೊದಿಸಿದ ಶೆಡ್ಡಿನಲ್ಲಿ. ನೆಟ್ಟು ಮಿಕ್ಕ ಸಸಿಗಳು ಅಲ್ಲೇ ನಲ್ಲಿಯ ಬಳಿ ಉಳಿದಿರುತ್ತಿದ್ದವು. ನೀರು ನೋಡಿಕೊಳ್ಳಲು ಜನ ಬೇಕಾಗಿತ್ತು. ನಮ್ಮ ಸಾಹೇಬರು ಧಾರವಾಡದ ಕಡೆಯವರು. ಅಮ್ಮನ ವಿಷಯ ಕೇಳಿ, “ಕರ್ಕೊಂಡ್ ಬರ್ರಿ ಅವ್ರನ್ನ. ಮಣ್ಣಾಗ ಕೈ ಇಟ್ರ ಮನಸ್ಸು ಹಗುರಾಗತೈತಿ,” ಎಂದರು.

ಹೇಗೋ ಎಬ್ಬಿಸಿ ಕರೆದೊಯ್ದ ಮೊದಲ ದಿನ ಸಂಜೆ, ಮನೆಗೆ ಮರಳಲು ನಿಂತ ಘನ್ಸೋಲಿಯ ಪ್ಲಾಟ್‌ಫಾರ್ಮಿನಲ್ಲಿ ಅಮ್ಮ ತಾನಾಗಿ ಬಾಯಿ ತೆರೆದಳು. “ಮಣ್ಣ್ ಒಳ್ಳೇದಿತ್ ಮಗಾ.” ತಿಂಗಳುಗಳ ನಂತರ ಅವಳ ಬಾಯಿಂದ ಬಂದ ಇಡೀ ಮಾತು ಅದೊಂದೇ. ಮಳೆಗಾಲ ಬರುವಷ್ಟರಲ್ಲಿ ಲೇಡೀಸ್ ಡಬ್ಬಿಯಲ್ಲಿ ಸೀಟಿಗೆ ಜಗಳವಾಡುವಷ್ಟು ಹುಷಾರಾದಳು. ಮರಾಠಿ ಬಾರದಿದ್ದರೂ ಜಗಳ ಗೆಲ್ಲುತ್ತಿದ್ದಳು. ನನಗೆ ಅಮ್ಮ ಮರಳಿ ಸಿಕ್ಕಿದ್ದಳು.

ಆದರೆ ಲ್ಯಾಬಿನಲ್ಲಿ ಏನೂ ಹೊಂದುತ್ತಿರಲಿಲ್ಲ. ಉಪ್ಪಿಗೆ ಎಷ್ಟೋ ಸಸಿಗಳು ಸಾಯಲೇಬೇಕಿತ್ತು; ಆದರೆ ಗುಂಡಿಗಳೆಲ್ಲ ಹಸಿರಾಗಿ ತುಂಬಿದ್ದವು. ಇಡೀ ಹಂಗಾಮು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಮತ್ತೊಮ್ಮೆ ಮಾಡಿದೆವು, ಮತ್ತದೇ ಕತೆ. ಕೊನೆಗೆ ಸಾಹೇಬರು ಉಳಿದ ಸಸಿಗಳ ಎಲೆಯನ್ನು ಇನ್ನೊಮ್ಮೆ ಓದಿಸಿದರು. ಎಷ್ಟೋ ಗುಂಡಿಗಳಲ್ಲಿ ಇದ್ದದ್ದು ನಾವು ಮೊದಲು ಓದಿದ ಸಸಿಯೇ ಅಲ್ಲ.

ಅಂದು ಊಟಕ್ಕೆ ಕೂತಾಗ ಅಮ್ಮನನ್ನು ಕೇಳಿದೆ. ಅವಳು ಮೀನಿನ ಮುಳ್ಳು ತೆಗೆಯುತ್ತ ನಿರಾಳವಾಗಿ ಹೇಳಿದಳು.

“ಹೌದ್, ನಾನೇ. ಸತ್ತದ್ದ್ ಕಿತ್ತ್ ಬಿಸಾಡಿ, ನಳ್ಳಿ ಹತ್ರ ಉಳ್ದದ್ದ್ ಇತ್ತಲ, ಅದನ್ನ್ ತಂದ್ ನೆಟ್ಟೆ. ನಟ್ಟಿ ಮಾಡಿದ್ ಗದ್ದಿಯಂಗೆ ಖಾಲಿ ಬಿಡುಕಾತ್ತಾ? ಕಂಡವ್ರ್ ಎಂತ ಹೇಳ್ತ್ರ್?”

ನಾಟಿಯಾದ ಮೇಲೆ ಗದ್ದೆಯನ್ನು ಸುತ್ತಿ, ಸತ್ತ ಕಡೆ ಹೊಸ ಸಸಿ ತುಂಬುವುದು ನಮ್ಮೂರ ಹೆಂಗಸರು ಯಾರೂ ಹೇಳಿಸಿಕೊಂಡು ಮಾಡುವ ಕೆಲಸವಲ್ಲ. ಮಾಡಬೇಡ ಎಂದು ಹೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ವಿಷಯ ತಿಳಿದು ಸಾಹೇಬರು ತಲೆ ಹಿಡಿದುಕೊಂಡು ಕೂತರು. “ಸತ್ತಾವಲ್ಲಾ, ಅವೇ ನಮ್ಮ ಉತ್ತರ ಇದ್ವುರೀ,” ಎಂದರು. ಆಮೇಲೆ, “ಅವ್ರಿಗೆ ಏನ್ ಅನ್ನೂದು? ನಮ್ಮವ್ವ ಇದ್ರೂ ಹಿಂಗ ಮಾಡ್ತಿದ್ಲು,” ಎಂದರು. ಕೆಲಸದಿಂದ ತೆಗೆಯಲಿಲ್ಲ; ಇನ್ನು ಸತ್ತದ್ದನ್ನು ಮುಟ್ಟಬಾರದೆಂದು ಅಮ್ಮನಿಗೆ ಹೇಳಿಸಿದರು, ಅಷ್ಟೆ. ಒಳ್ಳೆಯವರೇ. ಆದರೆ ಮೇಲಿನವರು ಹೊಸ ನಿಯಮ ತಂದರು: ನೆಟ್ಟು ಮಿಕ್ಕ ಸಸಿಗಳನ್ನು ಅಂದೇ ಕಿತ್ತು ನಾಶ ಮಾಡಬೇಕು. ಶೆಡ್ಡಿನಲ್ಲಿ ಇದ್ದ ಕೆಲಸದವಳು ಅಮ್ಮ ಒಬ್ಬಳೇ. ಹಾಗಾಗಿ ಅದು ಅವಳ ಪಾಲಿಗೇ ಬಂತು.

ಮುಂದಿನ ಹಂಗಾಮಿನ ನಾಟಿಯ ದಿನ ನಾನು ಬಾಗಿಲಲ್ಲಿ ನಿಂತು ನೋಡಿದೆ. ಅಮ್ಮ ಒಂದು ಹಿಡಿ ಕಿತ್ತಳು, ಅಭ್ಯಾಸಬಲದಿಂದ ಬೇರಿನ ಮಣ್ಣು ತೊಳೆದಳು, ನಾಟಿಗೆ ಒಯ್ಯುವಂತೆ ಸೂಡಿ ಕಟ್ಟಲು ಹುಲ್ಲಿನೆಳೆಗೆ ತಡಕಾಡಿದಳು. ಆಮೇಲೆ ನೆನಪಾಗಿ ಎಲ್ಲವನ್ನೂ ಕಪ್ಪು ಕಸದ ಚೀಲಕ್ಕೆ ತುಂಬಿದಳು. ಆಫೀಸಿನ ಮುಂದಿನ ತೋಟದ ಮಾಲಿ ಬಂದು, ಮತ್ತೆ ಚಿಗುರದಂತೆ ಅದರ ಮೇಲೆ ಕುದಿಯುವ ನೀರು ಸುರಿದ.

ವಾಪಸು ಬರುವಾಗ ಸೀಟು ಖಾಲಿ ಇದ್ದರೂ ಅಮ್ಮ ಕೂರಲಿಲ್ಲ. ಠಾಣೆ ಬರುವ ಮುಂಚೆ ಹೇಳಿದಳು: “ಸತ್ತದ್ದ್ ಮುಟ್ಬೇಡ ಅಂದ್ರಿ, ಮುಟ್ಲಿಲ್ಲೆ. ಈಗ ಬದ್ಕಿದ್ದ್ ಕೊಲ್ಲ್ ಅಂತ್ರಿ.” ಮರುದಿನ ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಬೇಡಿಕೊಂಡೆ, ಬೈದೆ. ಅವಳು ಮತ್ತೆ ಮಹಾಪೆಗೆ ಬರಲೇ ಇಲ್ಲ.

ಆ ಸಲ ಸತ್ತವು ಸತ್ತಲ್ಲೇ ಇದ್ದವು, ಲೆಕ್ಕ ಹೊಂದಿತು. ಉಳಿದ ಸಸಿಗಳೆಲ್ಲವೂ ಹಳೆಯ ತಳಿಯಿಂದ ಪಡೆದಿದ್ದ ತುಣುಕು ಸ್ಪಷ್ಟವಾಗಿ ಎದ್ದು ಕಂಡಿತು. ಸಾಹೇಬರು ಎಲ್ಲರಿಗೂ ಪೇಢೆ ಹಂಚಿ, ಅಮ್ಮನಿಗೆಂದು ಬೇರೆ ಪೊಟ್ಟಣ ಕೊಟ್ಟರು. ಹಾಸಿಗೆಯ ಪಕ್ಕ ಕೂತು ಎಲ್ಲ ಹೇಳಿದೆ. ಅಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

“ನೀರ್ ಹಾಕುಕೆ ಬೇರೆ ಜನ ಸಿಕ್ಕಿದ್ರಾ?”

“ಸಿಕ್ಕಿದ್ರ್.”

“ಅವ್ರಿಗ್ ನಟ್ಟಿ ಬತ್ತಾ?”

“ಇಲ್ಲೆ ಅಮ್ಮಾ. ಬಾರ್ದಿದ್ದವ್ರನ್ನೇ ಹುಡ್ಕಿ ತಂದದ್ದ್.”

ಅಮ್ಮ ಪೊಟ್ಟಣವನ್ನು ನನ್ನ ಕಡೆ ಸರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.