ಷಡ್ಡಕನ ಗಾಡಿ

ಅವನನ್ನು ಎಲ್ಲರೂ ಹೊಗೆಯಣ್ಣ ಅಂತಲೇ ಕರೆಯುತ್ತಿದ್ದರು. ಟೂ-ಸ್ಟ್ರೋಕ್ ಗಾಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟದ ಮೆಕ್ಯಾನಿಕ್. ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕಾದ ಆ ಎಂಜಿನ್‌ಗಳು ಬಿಡುವ ನೀಲಿ ಹೊಗೆ ಎದುರಿನ ಟೈಲರ್ ಅಂಗಡಿಯ ಬಿಳಿ ಅಂಗಿಗಳಿಗೆ ಹತ್ತಿ ಜಗಳವಾದದ್ದೂ ಉಂಟು. ಮೀಸೆ ಚಿಗುರುವ ಮೊದಲೇ ಕೈಗೆ ಗ್ರೀಸ್ ಹತ್ತಿಸಿಕೊಂಡವನು. ಜೊತೆಯ ಮೆಕ್ಯಾನಿಕ್‌ಗಳೆಲ್ಲ ಹೊಸ ಕಾಲದ ಗಾಡಿಗಳ ಕಡೆ ತಿರುಗಿದರೂ ಇವನು ಹಟ ಬಿಡಲಿಲ್ಲ. "ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನೋದನ್ನ ಗಾಡಿ ಅಂತಾರೇನ್ರೀ?" ಅನ್ನುತ್ತಿದ್ದ.

ಗುಣದಲ್ಲಿ ಒಳ್ಳೆಯವನೇ. ಯಾರದಾದರೂ ಗಾಡಿ ದಾರಿಯಲ್ಲಿ ನಿಂತಿದೆ ಅಂದರೆ ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗುವವನು. ಷಡ್ಡಕನ ವಿಷಯಕ್ಕೆ ಬಂದರೆ ಮಾತ್ರ ಅವನ ಒಳ್ಳೆಯತನ ಪಂಚರ್ ಆಗುತ್ತಿತ್ತು.

ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ವಾಹನಗಳಿಗೆ ಬಣ್ಣ ಹೊಡೆಯುವವನು. ಇಸ್ತ್ರಿ ಮಾಡಿದ ಅಂಗಿ, ನಗುಮುಖ, ಬೆಣ್ಣೆಯಂಥ ಮಾತು. ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರಿಗೂ ಒಂದೇ ಅಳತೆಯ ಲೋಟದಲ್ಲಿ ಕಾಫಿ ಬಂದರೂ ಪೇಂಟರನ ಲೋಟದಲ್ಲಿ ನೊರೆ ಹೆಚ್ಚಿದೆ ಅಂತಲೇ ಹೊಗೆಯಣ್ಣನಿಗೆ ಕಾಣುತ್ತಿತ್ತು.

ಮಾವ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರು ಹರೆಯದಲ್ಲಿ ಓಡಿಸುತ್ತಿದ್ದ ಟೂ-ಸ್ಟ್ರೋಕ್ ಬೈಕಿನ ಬರೀ ಫ್ರೇಮು ಹಿತ್ತಿಲ ಗೋಡೆಗೆ ಒರಗಿತ್ತು. ಅತ್ತೆ ಅದರ ಮೇಲೆ ನೆಲ ಒರೆಸುವ ಬಟ್ಟೆ ಒಣಹಾಕುತ್ತಿದ್ದರು. ಒಂದಲ್ಲ ಒಂದು ದಿನ ಮಾವ ತಾವಾಗಿ 'ತಗೊಂಡು ಹೋಗಿ ಅಳಿಯಂದಿರೇ' ಅನ್ನುತ್ತಾರೆ ಅಂತ ಹೊಗೆಯಣ್ಣ ಮದುವೆಯಾದಾಗಿನಿಂದ ಕಾದಿದ್ದ. ಬಾಯಿಬಿಟ್ಟು ಕೇಳುವುದಕ್ಕೆ ಬಿಗುಮಾನ. ಒಂದು ಭಾನುವಾರ ಹೋಗಿ ನೋಡಿದರೆ ಗೋಡೆ ಬೋಳು.

"ಚಿಕ್ಕಳಿಯಂದಿರು ಕೇಳಿದ್ರು, ಕೊಟ್ಟೆ," ಅಂದರು ಮಾವ. "ನಿಮಗೇನು, ದಿನಾ ಗಾಡಿಗಳ ಮಧ್ಯೆ ಇರೋರು. ಹತ್ತರ ಜೊತೆಗೆ ಹನ್ನೊಂದು ಆಗಿಬಿಡ್ತಿತ್ತು ಅದು."

ಹೊಗೆಯಣ್ಣ ನಕ್ಕ. ಮನೆಗೆ ಬರುವಷ್ಟರಲ್ಲಿ ಆ ನಗು ಹೊಟ್ಟೆಯಲ್ಲಿ ಕೆಂಡವಾಗಿತ್ತು.

"ನೀವು ಕೇಳ್ಲಿಲ್ಲ, ಅವರು ಕೇಳಿದ್ರು," ಅಂದಳು ಹೆಂಡತಿ. "ಅತ್ತ ಮಗೂಗೆ ತಾನೇ ಹಾಲು?"

ಪೇಂಟರ್ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಸಾಮಾನು ಕೂಡಿಸಿದ. ಎಂಜಿನ್ ಒಂದು ಗಾಡಿಯದು, ಕಾರ್ಬ್ಯುರೇಟರ್ ಇನ್ನೊಂದರದು. ಮುಂದಿನ ಚಕ್ರ, ಫೋರ್ಕು ಎಲ್ಲೋ ಗುದ್ದಿಕೊಂಡ ಹೊಸ ಬೈಕಿನವು. ಟ್ಯಾಂಕು ಯಾವುದೋ ಮೊಪೆಡ್ಡಿನದನ್ನು ಸೀಳಿ ಅಗಲ ಮಾಡಿ ಬೆಸೆದದ್ದು. ಇಷ್ಟೆಲ್ಲ ನಡೆಯುವಾಗ ಅವನು ಒಂದು ಸಲವಾದರೂ ಹೊಗೆಯಣ್ಣನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ ಜೋಡಿಸುತ್ತಿದ್ದಾನಂತೆ! ಫ್ರೇಮು ಕೈತಪ್ಪಿದ್ದಕ್ಕಿಂತ ಇದೇ ಹೆಚ್ಚು ಉರಿಯಿತು. ಮನೆಯೊಳಗೆ ಬಾವಿ ಇದ್ದೂ ಬೀದಿ ನಲ್ಲಿಗೆ ಕೊಡ ಹಿಡಿದ ಹಾಗೆ.

ಕೆಲಸವಿಲ್ಲದಿದ್ದರೂ ಪೇಂಟರನ ಶೆಡ್ಡಿನ ಮುಂದೆ ಹಾದುಹೋಗುವ ಚಟ ಹೊಗೆಯಣ್ಣನಿಗೆ ಅಂಟಿತು. ಕಣ್ಣು ರಸ್ತೆಯ ಮೇಲೆ, ಕಿವಿ ಶೆಡ್ಡಿನೊಳಗೆ. ಒಳಗೆ ಬರೀ ಕಿಕ್ ಹೊಡೆಯುವ ಸದ್ದು ಕೇಳಿದ ದಿನ ಅವನಿಗೆ ಅನ್ನ ರುಚಿಸುತ್ತಿತ್ತು. ಒಂದು ಸಂಜೆ ಎಂಜಿನ್ ಜೀವ ಹಿಡಿದದ್ದು ಕೇಳಿಸಿತು. ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕುಳಿತ.

"ಯಾಕ್ರೀ?"

"ಉಪ್ಪು ಜಾಸ್ತಿ."

"ಇನ್ನೂ ಬಾಯಿಗೇ ಇಟ್ಟಿಲ್ವಲ್ಲ ನೀವು!"

ಗಾಡಿಯನ್ನು ಮೊದಲು ಓಡಿಸುವ ದಿನ ಮಾವನ ಮನೆಯ ಗೇಟಿನ ಮುಂದೆ ಎಲ್ಲರೂ ಸೇರಿದರು. ಕಳಿತ ನೇರಳೆ ಹಣ್ಣಿನ ಬಣ್ಣ, ಮುಖ ಕಾಣುವಷ್ಟು ಹೊಳಪು. ಎಲ್ಲೆಲ್ಲಿಂದಲೋ ತಂದ ಸಾಮಾನುಗಳು ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಹೊಗೆಯಣ್ಣ ಹುಳುಕು ಹುಡುಕಿ ಹುಡುಕಿ ಸೋತ.

ಪೇಂಟರ್ ಹತ್ತಿ ಕುಳಿತ. ಮಾವ ಹೆಲ್ಮೆಟ್ ಹಾಕಿ ಹಿಂದೆ ಏರಿದರು. ಒಂದೇ ಕಿಕ್ಕಿಗೆ ಎಂಜಿನ್ ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪೇಂಟರ್ ಹೆಮ್ಮೆಯಿಂದ ಆಕ್ಸಿಲರೇಟರ್ ತಿರುಗಿಸಿ ಬಿಟ್ಟ. ಕೈ ಬಿಟ್ಟರೂ ಸದ್ದು ಇಳಿಯಲಿಲ್ಲ. ಎತ್ತರದಲ್ಲೇ ಕಿರುಗುಟ್ಟುತ್ತ ಉಳಿದು, ಆಮೇಲೆ ನಿಧಾನವಾಗಿ ಕೆಳಗೆ ಬಂತು.

ಹೊಗೆಯಣ್ಣನ ಕಿವಿ ನೆಟ್ಟಗಾಯಿತು. ಎಲ್ಲಿಂದಲೋ ಕಳ್ಳಗಾಳಿ ಒಳಗೆ ನುಗ್ಗುತ್ತಿದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಸಾಲದು. ಪೆಟ್ರೋಲಿನ ಜೊತೆಗೇ ಬರಬೇಕಾದ ಆಯಿಲ್ಲೂ ಸಾಲದು. ಪಿಸ್ಟನ್ ಕಾದು, ಹಿಗ್ಗಿ, ಓಡುತ್ತಿರುವಾಗಲೇ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ.

ಅವನಿಗೆ ಮೊದಲು ಬಂದ ಯೋಚನೆ ಇಷ್ಟೇ: ಹೋಗಲಿ, ಬೀದಿ ತುದಿಯಲ್ಲಿ ಕೆಟ್ಟು ನಿಲ್ಲಲಿ, ಎಲ್ಲರ ಕಣ್ಣೆದುರು ತಳ್ಳಿಕೊಂಡು ಬರಲಿ. ಆ ಯೋಚನೆ ಬೆಲ್ಲದ ಹಾಗೆ ನಾಲಿಗೆಯ ಮೇಲೆ ಕರಗುತ್ತಿರುವಾಗ ಪೇಂಟರನ ಭುಜ ಹಿಡಿದ ಮಾವನ ಎರಡೂ ಕೈಗಳು ಕಣ್ಣಿಗೆ ಬಿದ್ದವು. ಬೀದಿ ದಾಟಿದರೆ ಲಾರಿಗಳು ಓಡುವ ಹೆದ್ದಾರಿ.

ಹೊಗೆಯಣ್ಣ ಹಾರಿ ಬಂದು ಪ್ಲಗ್ಗಿನ ಕ್ಯಾಪನ್ನು ಬರಿಗೈಯಲ್ಲೇ ಕಿತ್ತ. ಕರೆಂಟು ಹೊಡೆದು ಮೊಣಕೈವರೆಗೆ ಜುಮ್ಮೆಂದಿತು. ಎಂಜಿನ್ ನಿಂತಿತು.

"ಏನಿದು ಅಳಿಯಂದಿರೇ?" ಮಾವನ ಮುಖ ಕೆಂಪಾಯಿತು.

ನಾದಿನಿ ಮುಂದೆ ಬಂದಳು. "ಭಾವ, ನಿಮಗೆ ನಮ್ಮನ್ನ ಕಂಡ್ರೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರಲಿಲ್ಲ."

ಅವನ ಹೆಂಡತಿಯೂ ತಲೆ ತಗ್ಗಿಸಿದಳು. ಸುಳ್ಳು ಹೇಳುವುದಕ್ಕೆ ಹೊಗೆಯಣ್ಣನಿಗೆ ಮನಸ್ಸಾಗಲಿಲ್ಲ.

"ಹೌದಮ್ಮ, ಹೊಟ್ಟೆಕಿಚ್ಚೇ. ಆ ಫ್ರೇಮ್ ನೋಡಿದಾಗೆಲ್ಲ ಉರಿಯುತ್ತೆ. ಈ ಎಂಜಿನ್ ಕಚ್ಕೊಳ್ಳೋದೂ ಅಷ್ಟೇ ನಿಜ. ಒಂದು ಒದ್ದೆ ಬಟ್ಟೆ ಕೊಡು."

ಕ್ಯಾಪ್ ಸಿಕ್ಕಿಸಿ ಮತ್ತೆ ಸ್ಟಾರ್ಟ್ ಮಾಡಿಸಿದ. ಎಂಜಿನ್ ಮೊದಲಿನಂತೆಯೇ ಕಿರುಗುಟ್ಟಿತು. ಬೇರೆ ಗಾಡಿಯ ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸಲು ಪೇಂಟರ್ ರಬ್ಬರ್ ಪೈಪ್ ಕತ್ತರಿಸಿ ಕ್ಲಿಪ್ಪು ಬಿಗಿದಿದ್ದ. ಆ ಜೋಡಣೆಯ ಸುತ್ತ ಒದ್ದೆ ಬಟ್ಟೆ ಸುತ್ತಿ ಹಿಡಿದ ಕೂಡಲೇ ಸದ್ದು ಇಳಿದು ಮೆತ್ತಗಾಯಿತು. ಬಟ್ಟೆ ತೆಗೆದ; ಮತ್ತೆ ಕಿರುಗುಟ್ಟಿತು. ಮತ್ತೊಮ್ಮೆ ಸುತ್ತಿ ತೋರಿಸಿದ.

ಮಾವ ಮೆಲ್ಲಗೆ ಗಾಡಿ ಇಳಿದರು.

ಆ ಮಧ್ಯಾಹ್ನವೇ ಗಾಡಿ ಹೊಗೆಯಣ್ಣನ ಶೆಡ್ಡಿಗೆ ಬಂತು. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈಮೇಲೆ ಆಗಲೇ ಬೆಕ್ಕು ಪರಚಿದಂಥ ಗೀರುಗಳು. ಪೇಂಟರ್ ಅದನ್ನು ಕೈಗೆತ್ತಿಕೊಂಡು ಗೀರುಗಳ ಮೇಲೆ ಉಗುರು ಎಳೆದು ನೋಡಿದ.

"ಮೊದಲೇ ನನ್ನ ಹತ್ರ ಬರೋಕೆ ಏನಾಗಿತ್ತು?" ಕೇಳಿದ ಹೊಗೆಯಣ್ಣ.

"ನೀವು ಕೈ ಹಾಕಿದ್ರೆ ಅದು ನಿಮ್ಮ ಗಾಡಿ ಆಗ್ತಿತ್ತು ಅಣ್ಣ," ಅಂದ ಪೇಂಟರ್. "ಮಾವನ ಮನೇಲಿ ಮಿಕ್ಸಿ ಕೆಟ್ರೂ ದೊಡ್ಡಳಿಯನ್ನ ಕರೀರಿ ಅಂತಾರೆ. ನನ್ನನ್ನ ಕರೆಯೋದು ಗೋಡೆಗೆ ಸುಣ್ಣ ಹೊಡೆಯೋಕೆ. ನಿಮ್ಮನ್ನ ಕಂಡ್ರೆ ನನಗೆಷ್ಟು ಉರೀತಿತ್ತು ಗೊತ್ತಾ?"

ಹೊಗೆಯಣ್ಣ ಸ್ಪ್ಯಾನರ್ ಕೆಳಗಿಟ್ಟ. ತನ್ನನ್ನು ನೋಡಿ ಯಾರಾದರೂ ಹೊಟ್ಟೆ ಉರಿದುಕೊಳ್ಳಬಹುದು ಅಂತ ಅವನಿಗೆ ಕನಸಲ್ಲೂ ಹೊಳೆದಿರಲಿಲ್ಲ. ಕೇಳಿ ಒಳಗೊಳಗೇ ಹಿಗ್ಗಿದ. "ಮಿಕ್ಸಿ ರಿಪೇರಿ ಏನ್ ದೊಡ್ಡ ಕೆಲಸ ಬಿಡು," ಅಂದ ಬಿಂಕದಿಂದ.

ಹೊಸ ಪಿಸ್ಟನ್ ಕೂರಿಸಿದರು. ಪೈಪಿನ ಜಾಗಕ್ಕೆ ಅಲ್ಯೂಮಿನಿಯಂ ಜೋಡಣೆಯನ್ನು ಹೊಗೆಯಣ್ಣನೇ ಅರದಲ್ಲಿ ಉಜ್ಜಿ ಉಜ್ಜಿ ಮಾಡಿದ. ಎಲ್ಲ ಮುಗಿದ ಮೇಲೆ ಪೇಂಟರ್ ಕೀಲಿ ನೀಡಿ, "ಮೊದಲು ನೀವೇ ಓಡ್ಸಿ ನೋಡಿ ಅಣ್ಣ," ಅಂದ.

ಮೊದಲ ತಿರುವಿನಲ್ಲೇ ಹೊಗೆಯಣ್ಣನಿಗೆ ಗೊತ್ತಾಯಿತು. ಮನಸ್ಸು ಬಾಗುವ ಮೊದಲೇ ಗಾಡಿ ಬಾಗುತ್ತಿತ್ತು. ಹಳೆಯ ಫ್ರೇಮಿಗೆ ಆ ಹೊಸ ಫೋರ್ಕು ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಲೆಕ್ಕ ಹಾಕಿ ಮಾಡಿದ್ದಲ್ಲ, ಚೆನ್ನಾಗಿ ಕಾಣುತ್ತೆ ಅಂತ ಹಾಕಿದ್ದು! ಇಂಥ ಗಾಡಿ ತನ್ನ ಕೈಯಿಂದ ಒಂದೂ ಹೊರಬಂದಿರಲಿಲ್ಲ. ಹಿಂದಿರುಗಿ ಬಂದು ಇಳಿದವನು, "ಹಿಂದಿನ ಬ್ರೇಕ್ ಸ್ವಲ್ಪ ಬಿಗಿ," ಅಂತಷ್ಟೇ ಹೇಳಿ ಕೈ ತೊಳೆಯಲು ಹೋದ. ಹೆಂಡತಿಯ ಹತ್ತಿರ ಮಾತ್ರ, "ಚೆನ್ನಾಗಿದೆ ಕಣೇ. ಹಾಳಾದ್ದು, ತುಂಬಾ ಚೆನ್ನಾಗಿದೆ," ಅಂದ.

ಈಗ ಮಾವ ವಾರಕ್ಕೊಮ್ಮೆ ಚಿಕ್ಕಳಿಯನ ಹಿಂದೆ ಕುಳಿತು ಹೊಗೆಯಣ್ಣನ ಶೆಡ್ಡಿನ ಮುಂದೆ ಹಾದುಹೋಗುತ್ತಾರೆ. ಮೊನ್ನೆ ಹಾಗೆ ಹೋಗುವಾಗ ಶೆಡ್ಡಿನಲ್ಲಿದ್ದ ಗಿರಾಕಿಯೊಬ್ಬ, "ಆಹಾ, ಎಂಥ ಬಣ್ಣ!" ಅಂದ.

"ಬಣ್ಣ ಬಿಡಿ ಸ್ವಾಮಿ," ಅಂದ ಹೊಗೆಯಣ್ಣ, ರೇಗಿಕೊಂಡು. "ಸದ್ದು ಕೇಳಿ."