ಗಾಣದೆತ್ತಿನ ಬಲಗಿವಿ

ಸೋಲಾಪುರದ ಶಾಲೆಯೊಂದರಲ್ಲಿ ಆರು ವರ್ಷ ವ್ಯಾಕರಣ ಕಲಿಸಿ, ಬಳಿಕ ಪಶುವೈದ್ಯ ಕಲಿತ ನಾನು 1932ರಲ್ಲಿ ಅಕ್ಕಲಕೋಟೆಯ ದನಗಳ ದವಾಖಾನೆಯಲ್ಲಿದ್ದೆ. ದೀಪಾವಳಿ ಕಳೆದು ಮೂರು ವಾರವಾಗಿತ್ತು. ಗಾಣ ನಡೆಸುವ ಗಂಗವ್ವ ಎಂಬ ವಿಧವೆ ತನ್ನ ಎತ್ತು ಸರ್ಜಾನನ್ನು ಹೊಡೆದುಕೊಂಡು ಬಂದಳು. ಜೊತೆಗೆ ಮೈದುನ ಶಿವಪ್ಪನಿದ್ದ. ಗಾಣಕ್ಕೆ ಹೂಡಿದೊಡನೆ ಎತ್ತು ಬೀಳುತ್ತದೆ ಎಂಬುದು ಅವರ ದೂರು.

ಅಂಗಳದಲ್ಲಿ ನಡೆಸಿ ನೋಡಿದೆ. ತಲೆ ಬಲಕ್ಕೆ ತುಸು ವಾಲಿದ್ದುದನ್ನು ಬಿಟ್ಟರೆ ನಡಿಗೆ ನೆಟ್ಟಗಿತ್ತು. ಜ್ವರವಿರಲಿಲ್ಲ, ಗೊರಸುಗಳು ಸರಿಯಾಗಿದ್ದವು. ದಾಖಲೆಯಲ್ಲಿ ‘ರೋಗವಿಲ್ಲ’ ಎಂದು ಬರೆದೆ.

“ಕೇಳಿದ್ರೇನ ವೈನಿ? ರೋಗಿಲ್ಲಂತ. ನಾಟಕ ಮಾಡಾಕತ್ತೈತಿ ನಿಮ್ಮ ಎತ್ತು. ಸೋಮವಾರ ಬಜಾರಕ್ಕ ಹೊಡಿಯೋದ!” ಎಂದ ಶಿವಪ್ಪ.

ದುಡಿಯದ ಎತ್ತನ್ನು ಬಜಾರದಲ್ಲಿ ಕಸಾಯಿಯ ಹೊರತು ಬೇರೆ ಯಾರೂ ಕೊಳ್ಳುವುದಿಲ್ಲ. ಗಂಗವ್ವ ಎತ್ತಿನ ಗಂಗೆದೊಗಲನ್ನು ನೀವುತ್ತ, “ನನ್ನ ಸರ್ಜಾ ಸುಳ್ಳ ಬೀಳೂದಿಲ್ರಿ ಸಾಹೇಬ್ರ. ಗಾಣಕ್ಕ ಬಂದ ನೋಡ್ರಿ,” ಎಂದಳು. ಬರೆದುದನ್ನು ತಿದ್ದುವುದು ನನಗೆ ಒಗ್ಗದ ಕೆಲಸ. ಆದರೂ ಮರುದಿನ ಮುಂಜಾನೆ ಹೋದೆ.

ಗಾಣದೆತ್ತಿಗೆ ಕಣ್ಣು ಕಟ್ಟುವುದು ರೂಢಿ. ಸುತ್ತುವಾಗ ತಲೆ ತಿರುಗಬಾರದು, ಹಿಂಡಿಗೆ ಬಾಯಿ ಹಾಕಬಾರದು ಎಂದು. ಗಂಗವ್ವ ಬಟ್ಟೆ ಕಟ್ಟಿದಳು. ಸರ್ಜಾ ನಾಲ್ಕು ಹೆಜ್ಜೆ ಇಟ್ಟು, ಬಲಕ್ಕೆ ತೂರಾಡಿ, ಮೊಣಕಾಲೂರಿ ಕುಸಿಯಿತು.

“ಚಕ್ಕರ್ ಬರಬಾರದಂತ ಎರಡ ಮಡಿಕಿ ಮಾಡಿ ಕಟ್ಟೀನ್ರಿ. ಆದ್ರೂ ಬೀಳ್ತಾನ.”

“ಕಿವಿ ಏನರ ಸೋರಿತ್ತೇನವ್ವಾ?”

“ದೀವಳಿಗಿ ಮುಂದ ಬಲಗಿವಿ ಸೋರಿತ್ತರಿ. ಬೇವಿನೆಣ್ಣಿ ಬಿಟ್ಟೆ, ನಿಂತಿತು.”

ತಲೆ ಬಲಕ್ಕೆ ವಾಲಿದ್ದನ್ನು ಕಂಡ ಹಿಂದಿನ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು. ತಾಟಿನಲ್ಲಿ ಕುಸುಬಿ ಕಾಳು ಹರಡಿ, ತಾಟನ್ನು ವಾಲಿಸಿ ಅವರಿಗೆ ತೋರಿಸಿದೆ, ಕಾಳು ಸರಿದವು. ಒಳಗಿವಿಯಲ್ಲಿಯೂ ಅಂಟಾದ ಪೊರೆಯ ಮೇಲೆ ಸುಣ್ಣದ ಅತಿ ಸಣ್ಣ ಹರಳುಗಳಿರುತ್ತವೆ. ಇವೇ ಓಟೋಲಿತ್, ಎಂದರೆ ಕಿವಿಗಲ್ಲು. ತಲೆ ವಾಲಿದರೆ ಅವು ಸರಿದು ಅಡಿಯ ಸೂಕ್ಷ್ಮ ಕೂದಲುಗಳನ್ನು ಬಾಗಿಸುತ್ತವೆ. ನರವು ಆ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತದೆ. ತಲೆ ಆಚೀಚೆ ಹೊರಳಿದ ಸುದ್ದಿ ಕೊಡುವುದು ಪಕ್ಕದಲ್ಲಿರುವ, ದ್ರವ ತುಂಬಿದ ಮೂರು ನಾಳಗಳು. ಸೋರಿಕೆ ನಿಂತರೂ ಸೋಂಕು ಒಳಗಿಳಿದು, ಸರ್ಜಾನ ಬಲಗಿವಿಯಿಂದ ಈ ಸುದ್ದಿ ನಿಂತಿತ್ತು. ಆ ಕೊರತೆಯನ್ನು ಅದು ಕಣ್ಣಿನಿಂದ ತುಂಬಿಕೊಂಡಿತ್ತು. ಇವರು ಕಣ್ಣನ್ನೇ ಕಟ್ಟುತ್ತಿದ್ದರು, ಬಿದ್ದಷ್ಟೂ ಬಿಗಿಯಾಗಿ.

“ಕಣ್ಣ ಬಿಚ್ಚವ್ವಾ. ಬೇಕಾದ್ರ ಹಿಂಡಿ ತಿನ್ನದಂಗ ಬಾಯಿಗೆ ಕುಕ್ಕಿ ಕಟ್ಟು,” ಎಂದೆ.

“ಕಣ್ಣ ಬಿಚ್ಚಿದ ಗಾಣದೆತ್ತ! ಮಂದಿ ನಗ್ತಾರ್ರಿ ಸಾಹೇಬ್ರ,” ಎಂದು ಶಿವಪ್ಪ ತಾನೇ ಮೊದಲು ನಕ್ಕ.

ಗಂಗವ್ವ ಬಟ್ಟೆ ಬಿಚ್ಚಿದಳು. ಸರ್ಜಾ ಎದ್ದಿತು. ಮೆಲ್ಲಗೆ ಒಂದು ಸುತ್ತು, ಎರಡು, ಹತ್ತು. ಹನ್ನೊಂದನೆಯ ಸುತ್ತಿಗೆ ಶಿವಪ್ಪ ಎದ್ದು ಗಾಣಕ್ಕೆ ಕುಸುಬಿ ಸುರಿದ. ಬಜಾರದ ಮಾತು ಮತ್ತೆ ಬರಲಿಲ್ಲ.

ಎರಡು ವಾರ ಆ ಕಿವಿಯನ್ನು ತೊಳೆದು ಔಷಧ ಹಾಕಿದೆ. ಕೊನೆಯ ದಿನ ಗಂಗವ್ವ ಹೇಳಿದಳು: “ಏಳ ವರ್ಷ ಕಣ್ಣ ಕಟ್ಟಿ ದುಡಿಸೀನ್ರಿ. ಈಗ ಪ್ರತಿ ಸುತ್ತಿಗಿ ನನ್ನ ಮಾರಿ ನೋಡ್ಕೋತ ಹೋಗ್ತಾನ.”

ದವಾಖಾನೆಗೆ ಮರಳಿ ‘ರೋಗವಿಲ್ಲ’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ಪ್ರಾಣಿಯನ್ನು ಅದು ದುಡಿಯುವ ಜಾಗದಲ್ಲಿ ನೋಡದೆ, ಸಾಕಿದವರ ಮಾತನ್ನು ಪೂರ್ತಿ ಕೇಳದೆ, ‘ರೋಗವಿಲ್ಲ’ ಎಂದು ನಾನು ಮತ್ತೆಂದೂ ಬರೆದಿಲ್ಲ.