ತಿಪ್ಪಕ್ಕ ಬೇರೆಯಿಡದ ಕೋಳಿ

ನಾವು ಫೋನನ್ನು ಕಿವಿಗೆ ಹಿಡಿಯುವ ಹಾಗೆ ತಿಪ್ಪಕ್ಕ ಕೋಳಿಯನ್ನು ಹಿಡಿಯುತ್ತಿದ್ದಳು. ಸಂತೆಯಿಂದ ಹೊಸ ಕೋಳಿ ತಂದ ದಿನ ಅದರ ಎದೆಗೆ ಕಿವಿಯಾನಿಸಿ, ಕಣ್ಣು ಮುಚ್ಚಿ, ಉಸಿರು ಕೇಳುತ್ತಾ ನಿಲ್ಲುವಳು. ಒಂಚೂರು ಗೊರಗೊರ ಅಂದರೂ ಮುಖ ಕಪ್ಪಿಡುತ್ತಿತ್ತು. ಆಮೇಲೆ ಬಾಯಿ ಬಿಡಿಸಿ ನಾಲಿಗೆ ನೋಡಬೇಕು, ರೆಕ್ಕೆ ಎತ್ತಿ ಹೇನು ಹುಡುಕಬೇಕು, ಕೊನೆಗೆ ಬಾಲದ ಕೆಳಗೂ ಬಗ್ಗಬೇಕು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ ಬಿಡಿ!

ಹಿರಿಯೂರಿನ ಆಚೆ ನಮ್ಮೂರಲ್ಲಿ ಆಕೆ ನನ್ನ ಪಕ್ಕದ ಮನೆಯವಳು. ಗಂಡ ಹೋದ ಮೇಲೆ ಮಾಡದಕೆರೆಯ ಅಣ್ಣ, "ನಮ್ಮನ್ಯಾಗೆ ಬಿದ್ದಿರು, ಎರಡು ಹೊತ್ತು ಕೂಳು ಹಾಕ್ತೀನಿ" ಅಂದಿದ್ದನಂತೆ. ಆ ಕೂಳು ಎಂಬ ಮಾತನ್ನು ಆಕೆ ಮರೆಯಲೇ ಇಲ್ಲ. "ಈ ಕೋಳಿ ಇರೋಗಂಟ ಅವನ ಹೊಸ್ಲು ತುಳಿಯಲ್ಲ ಕಣೇ" ಅನ್ನುತ್ತಿದ್ದಳು. ಮೊಟ್ಟೆ, ಹುಂಜ ಮಾರಿಯೇ ಆಕೆಯ ಬದುಕು ಸಾಗುತ್ತಿತ್ತು.

ಹೊಸ ಕೋಳಿಗೆ ಹಿತ್ತಲಾಚೆ ಬೇವಿನ ಮರದಡಿ ಮಂಕರಿ ಬುಟ್ಟಿಯೊಳಗೆ ವಾಸ. ನಾಲ್ಕು ಸಂತೆ ಕಳೆಯುವವರೆಗೆ ಅದು ಹಳೆಯ ಕೋಳಿಗಳ ಮುಖ ನೋಡುವಂತಿರಲಿಲ್ಲ. ನೀರಿನ ಚಿಪ್ಪು ಬೇರೆ, ಅದರ ಹತ್ತಿರ ಹೋಗಲು ಚಪ್ಪಲಿಯೂ ಬೇರೆ. ಹಿಕ್ಕೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ದನದ ಆಸ್ಪತ್ರೆಗೆ ಬಸ್ಸು ಹತ್ತುವಳು. "ಸಾರ್, ಮಿಷಿನ್ನಾಗೆ ಇಟ್ಟು ನೋಡ್ರಿ, ಹುಳ ಅವೇನೋ" ಎಂದು ಡಾಕ್ಟರ ಮುಂದೆ ಕುಕ್ಕರುಗಾಲಲ್ಲಿ ಕೂತರೆ, ಅವರು ನೋಡಿ ಹೇಳುವವರೆಗೆ ಏಳುತ್ತಿರಲಿಲ್ಲ.

ಒಮ್ಮೆ ನಾನು ಸಂತೆಯಿಂದ ಹುಂಜವೊಂದನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದಾಗ ಬೀದಿಯಲ್ಲೇ ಅಡ್ಡ ನಿಂತಳು. "ಎಲ್ಲಿ ಮೇದಿತ್ತೋ ಏನೋ, ಹಂಗೇ ಒಳಗೆ ಬಿಡ್ತೀಯಾ? ಗ್ಯಾನ ಐತೇನೇ ನಿಂಗೆ? ಮೊದ್ಲು ಕಾಲು ತೊಳಿ!" ಎಂದು ಬಕೆಟಿನ ಫಿನಾಯಿಲ್ ನೀರನ್ನು ನನ್ನ ಕಾಲಿಗೆ ಸುರಿದೇಬಿಟ್ಟಳು. ಹೊಸ ಸೀರೆ! ಸಂತೆ ಮತ್ತೆ ಬರುವವರೆಗೆ ನಾನು ಮಾತು ಬಿಟ್ಟಿದ್ದೆ.

ಇಂಥವಳು ಏಮಾರಿದ್ದು ತನ್ನದೇ ಕೋಳಿಯಿಂದ. ಕೆಂಚಿ ಎಂಬ ಹ್ಯಾಟೆಕೋಳಿಯನ್ನು ಹರಿಯಬ್ಬೆಯ ಗೆಳತಿಗೆ ಪಾಲಿಗೆ ಕೊಟ್ಟಿದ್ದಳು. ಸಾಕಿದವಳಿಗೆ ಅರ್ಧ ಮರಿ, ಕೊಟ್ಟವಳಿಗೆ ಉಳಿದ ಮರಿ ಮತ್ತು ತಾಯಿಕೋಳಿ; ನಮ್ಮ ಕಡೆ ಎಲ್ಲರೂ ಮಾಡುವುದೇ. ಕೆಂಚಿ ಮರಿಗಳೊಂದಿಗೆ ವಾಪಸು ಬಂದಾಗ ತಿಪ್ಪಕ್ಕನ ಸಂಭ್ರಮ ನೋಡಬೇಕಿತ್ತು.

"ಮಂಕರಿ ಎಲ್ಲಕ್ಕಾ?" ಎಂದು ಕೇಳಿದೆ.

"ಲೇ, ಇದು ನನ್ನ ಕಣ್ಮುಂದೆ ಹುಟ್ಟಿದ್ದು. ತೌರಿಗೆ ಬಂದ ಮಗಳನ್ನ ಬಾಗ್ಲಾಚೆ ಕೂರಿಸ್ತಾರೇನೇ?" ಎಂದು ನೇರ ಗೂಡಿಗೇ ಬಿಟ್ಟಳು.

ವಾರದೊಳಗೆ ಕೆಂಚಿ ಕತ್ತು ತಿರುಚಿಕೊಂಡು ಬಿತ್ತು. ಹಸಿರು ಹಿಕ್ಕೆ, ತೆರೆದ ಬಾಯಿ. ಸತ್ತದ್ದನ್ನು ಕೊಯ್ದು ನೋಡಿದ ಡಾಕ್ಟರು ಕೊಕ್ಕರೆ ರೋಗ ಅಂದರು. ಹರಿಯಬ್ಬೆಯಲ್ಲಿ ಆಗಲೇ ಶುರುವಾಗಿತ್ತಂತೆ. ಆಮೇಲೆ ಬೆಳಗಾದರೆ ಗೂಡಿನ ಬಾಗಿಲು ತೆಗೆಯಲು ಆಕೆಗೆ ಕೈಯೇ ಬರುತ್ತಿರಲಿಲ್ಲ. ಒಂದೂ ಉಳಿಯಲಿಲ್ಲ. ಗುಂಡಿ ತೋಡಿ ಸುಣ್ಣ ಸುರಿದು ಹೂಳುವಾಗ ಆಕೆ ಅಳಲಿಲ್ಲ, ನಾನೇ ಅತ್ತೆ. "ನನ್ನ ಕೈಯಾರ ಒಳಗೆ ಬಿಟ್ನಲ್ಲೇ" ಎಂಬುದೊಂದೇ ಮಾತು ಆಕೆಯದು.

ಅಂದಿನಿಂದ ಕೋಳಿಯಿರುವ ಯಾರ ಅಂಗಳಕ್ಕೂ ಕಾಲಿಡಲಿಲ್ಲ. ರೋಗ ತನ್ನ ಕಾಲಿಗೆ, ಸೀರೆಗೆ ಅಂಟಿಕೊಂಡಿದೆ ಎಂದು ನಂಬಿಬಿಟ್ಟಿದ್ದಳು. ಇಷ್ಟು ದಿನ ಉಳಿಯುವುದಿಲ್ಲಮ್ಮ ಎಂದು ಡಾಕ್ಟರು ಹೇಳಿದರೂ ಕೇಳಲಿಲ್ಲ. ಹೊರಕೆರೆದೇವಪುರದಲ್ಲಿರುವ ಮಗಳು ಬಂದು, "ನಮ್ಮನೆಗೆ ಹೋಗಾಣ ಬಾರಮ್ಮ" ಎಂದು ಗೋಗರೆದು, ಒಬ್ಬಳೇ ಹಿಂತಿರುಗಿದಳು.

ನಾನು ಆಕೆಯನ್ನು ಕೊನೆಗೆ ಕಂಡದ್ದು ಬಸ್‌ಸ್ಟಾಪಿನಲ್ಲಿ. ಬಟ್ಟೆಯ ಚೀಲ ಹಿಡಿದು ನಿಂತಿದ್ದಳು. ಮಗಳ ಮನೆಗೆ ಹೊರಟಳೆಂದು ನನಗೆ ಜೀವ ಹಗುರಾಯಿತು.

"ಅಂತೂ ಮಗಳು ಗೆದ್ಲು ಬಿಡಕ್ಕ" ಅಂದೆ.

"ಅಲ್ಲಿಗಲ್ಲ ಕಣೇ, ಅವಳ ಮನ್ಯಾಗೆ ಕೋಳಿ ಅವೆ" ಅಂದಳು. "ಮಾಡದಕೆರೆಗೆ ಹೊಂಟೀನಿ. ಅಣ್ಣನ ಮನ್ಯಾಗೆ ಇಲ್ಲ."